ತೊಟ್ಟಿಲು ಕಟ್ಟುವ ಮುನ್ನ

ಈ ಪುಟಗಳನ್ನು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಪ್ರೌಢಶಾಲೆ ಮತ್ತು ಕಾಲೇಜುಗಳ ವಿದ್ಯಾರ್ಥಿಗಳು. ಮದುವೆ ನಿಮಗೆ ಇನ್ನೂ ದೂರದ ಮಾತು. ಮಕ್ಕಳು ಅದಕ್ಕಿಂತಲೂ ದೂರ. ‘ಇದೆಲ್ಲ ನಮಗೇಕೆ ಸಾರ್, ಪರೀಕ್ಷೆಗೆ ಬರುವುದಿಲ್ಲವಲ್ಲ’ ಎಂದು ನೀವು ಕೇಳಬಹುದು. ಅದು ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಒಂದು ಕಾಗದದ ವಿಷಯ ಹೇಳುತ್ತೇನೆ.

ನಮ್ಮ ಸಂವಾದ ಕಾರ್ಯಕ್ರಮಕ್ಕೆ ಫೋನು ಮಾಡುವವರೇ ಈಗ ಹೆಚ್ಚು. ಆದರೂ ಬಾಯಿಬಿಟ್ಟು ಹೇಳಲಾಗದ್ದನ್ನು ಕಾಗದದಲ್ಲಿ ಬರೆಯುವವರು ಇಂದಿಗೂ ಇದ್ದಾರೆ. ಅಂಥ ಒಂದು ಕಾಗದ ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯಿಂದ ಬಂತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೀಲಿ ಶಾಯಿ, ಹೆಸರು ಮಾತ್ರ ಇದೆ, ಪೂರ್ತಿ ವಿಳಾಸ ಇಲ್ಲ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿ ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

‘ನನಗೆ 25 ವರ್ಷ ಸಾರ್. ಐಟಿಐ ಮಾಡಿ ನರಸಾಪುರದ ಕಡೆ ಕೆಲಸಕ್ಕೆ ಹೋಗುತ್ತೇನೆ. ನನ್ನ ಹೆಂಡತಿಗೆ ಈಗ ಎಂಟು ತಿಂಗಳು. ತವರಿಗೆ ಹೋಗಿದ್ದಾಳೆ. ನಾನು ನೋಡಲು ಹೋಗಿ ಐದು ವಾರ ಆಯಿತು. ಭಾನುವಾರ ಓಟಿ ಇದೆ ಎಂದು ಸುಳ್ಳು ಹೇಳುತ್ತೇನೆ. ನಮ್ಮ ಬಸ್ಸಿನಲ್ಲಿ ಬರುವ ಒಬ್ಬರ ಜೊತೆ ದಿನಾ ರಾತ್ರಿ ಫೋನಿನಲ್ಲಿ ಮಾತಾಡುತ್ತೇನೆ. ನನಗೆ ಮದುವೆ ಆಗಿರುವುದು ಅವರಿಗೆ ಗೊತ್ತು, ಮಗು ಬರುವುದು ಗೊತ್ತಿಲ್ಲ. ನಾನು ಕೆಟ್ಟವನಲ್ಲ ಸಾರ್. ಮಗು ಅಂದರೆ ಎದೆ ಹೊಡೆದುಕೊಳ್ಳುತ್ತೆ. ಇದು ಯಾಕೆ ಎಂದು ನಿಮ್ಮ ಡಾಕ್ಟರ್ ಹತ್ತಿರ ಕೇಳಿ ಹೇಳಿ.’

ಈ ಕಾಗದವನ್ನು ನಾವು ಪರದೆಯ ಮೇಲೆ ಓದಲಿಲ್ಲ. ಹೆಸರು ಬಿಟ್ಟರೂ ಊರಿನವರು ಗುರುತು ಹಿಡಿದಾರು ಎಂಬ ಅಳುಕು. ಆ ವಾರ ಬಂದಿದ್ದ ತಜ್ಞರ ಮುಂದೆ ವಿಷಯವನ್ನು ಮಾತ್ರ ಇಟ್ಟೆವು. ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹುಡುಗ ನಿಮಗಿಂತ ಏಳೆಂಟು ವರ್ಷ ದೊಡ್ಡವನು, ಅಷ್ಟೇ. ಈ ವಿಷಯ ನಿಮಗೇಕೆ ಎಂಬುದಕ್ಕೆ ಅದೇ ಉತ್ತರ.

ಭಯ ಬೇರೆ, ತಪ್ಪು ಬೇರೆ

ಮೊದಲು ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳೋಣ. ಆ ಕಾಗದದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಒಂದು, ಮಗು ಬರುತ್ತದೆ ಎಂಬ ಭಯ. ಇನ್ನೊಂದು, ಆ ಭಯವನ್ನು ಹೆಂಡತಿಗೆ ಹೇಳದೆ ಬೇರೊಬ್ಬರ ಬಳಿ ನೆಮ್ಮದಿ ಹುಡುಕಿದ್ದು. ಮೊದಲನೆಯದು ತಪ್ಪಲ್ಲ. ಎರಡನೆಯದು ತಪ್ಪು. ಎರಡನ್ನೂ ಒಂದೇ ಎಂದುಕೊಂಡರೆ ಭಯಪಡುವವನು ತಾನು ಹುಟ್ಟಾ ಕೆಟ್ಟವನೆಂದು ತಿಳಿಯುತ್ತಾನೆ. ತಪ್ಪು ಮಾಡಿದವನು ‘ಏನು ಮಾಡಲಿ, ಭಯವಾಯಿತು’ ಎಂದು ನೆಪ ಹೇಳುತ್ತಾನೆ.

ತಾಯಿ ತಂದೆಯರಾಗುವ ಮುನ್ನ ಭಯವಾಗುವುದು ಬಲು ಸಾಮಾನ್ಯ. ಬರುವ ಸಂಬಳದಲ್ಲಿ ಮೂರನೆಯ ಜೀವ ಸಾಕಬಲ್ಲೆನೇ? ಹೆರಿಗೆ ಸುಸೂತ್ರ ಆದೀತೇ? ನನ್ನ ಅಪ್ಪ ನನಗೆ ಹೊಡೆಯುತ್ತಿದ್ದ, ನಾನೂ ಹಾಗೇ ಆಗಿಬಿಟ್ಟರೆ? ಇನ್ನು ಮೇಲೆ ನನ್ನ ಇಷ್ಟ, ನನ್ನ ಗೆಳೆಯರು, ನನ್ನ ಓದು ಎಲ್ಲ ಮುಗಿಯಿತೇ? ಈ ಪ್ರಶ್ನೆಗಳು ಹೆಣ್ಣಿಗೂ ಬರುತ್ತವೆ. ಜೊತೆಗೆ ಅವಳಿಗೆ ತನ್ನದೇ ದೇಹದ ಭಯವಿದೆ. ಅವಳ ಭಯವನ್ನು ಕೇಳಲು ಅಮ್ಮ, ಅಕ್ಕ, ಆಶಾ ಕಾರ್ಯಕರ್ತೆ, ದಾದಿ ಹೀಗೆ ಒಬ್ಬರಲ್ಲ ಒಬ್ಬರು ಇರುತ್ತಾರೆ. ಗಂಡಸಿನ ಭಯವನ್ನು ಯಾರೂ ಕೇಳುವುದಿಲ್ಲ. ಅವನು ಹೇಳಿದರೆ ನಗುತ್ತಾರೆ.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ನಮ್ಮ ಮೊದಲ ಮಗು ಹುಟ್ಟುವ ಮುಂಚಿನ ಎರಡು ತಿಂಗಳು ನಾನು ರಾತ್ರಿ ಹನ್ನೊಂದರವರೆಗೂ ಸಂಕಲನದ ಕೋಣೆಯಲ್ಲೇ ಇರುತ್ತಿದ್ದೆ. ಮರುದಿನ ಮಾಡಬಹುದಾದ ಕೆಲಸವನ್ನು ಆ ರಾತ್ರಿಯೇ ಮುಗಿಸುತ್ತಿದ್ದೆ. ಮಗು ಹುಟ್ಟಿದ ಸುದ್ದಿ ಬಂದಾಗ ರೆಕಾರ್ಡಿಂಗ್ ಇದೆ ಎಂದು ಹೇಳಿ ಮೂರನೆಯ ದಿನ ಹೋದೆ. ಅತ್ತೆಯವರು ಏನೂ ಅನ್ನದೆ ಮಗುವನ್ನು ನನ್ನ ಕೈಗಿಟ್ಟರು. ನನ್ನಾಕೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಯಾರ ಹಿಂದೆಯೂ ಹೋಗಿರಲಿಲ್ಲ, ನಿಜ. ಆದರೆ ಓಡಿಹೋದದ್ದಂತೂ ನಿಜ. ಜೀವರಸಾಯನಶಾಸ್ತ್ರ ಓದಿದವನಿಗೆ ಭ್ರೂಣ ಬೆಳೆಯುವ ಹಂತಗಳೆಲ್ಲ ಬಾಯಿಪಾಠವಾಗಿದ್ದವು. ‘ನನಗೆ ಭಯವಾಗುತ್ತಿದೆ’ ಎಂಬ ಎರಡು ಪದ ಹೇಳಲು ಬಂದಿರಲಿಲ್ಲ.

ಹತ್ತಿರ ಬಂದಷ್ಟೂ ಹಿಂದೆ ಸರಿಯುವುದು

ಕೆಲವರು ಸಂಬಂಧ ಗಟ್ಟಿಯಾಗುವ ಹೊತ್ತಿಗೇ ಹಿಂದೆ ಸರಿಯುತ್ತಾರೆ. ಪ್ರೀತಿಸುವಾಗ ಉತ್ಸಾಹ, ಮದುವೆಯ ಮಾತು ಬಂದಾಗ ‘ಈಗಲೇ ಬೇಡ’. ಮದುವೆಯಾದ ಮೇಲೆ ಸರಿ, ಮಗುವಿನ ಸುದ್ದಿ ಬಂದೊಡನೆ ಮೌನ. ಇದಕ್ಕೆ ಮನಶ್ಶಾಸ್ತ್ರ ಏನು ಹೇಳುತ್ತದೆ?

ಬ್ರಿಟನ್ನಿನ ವೈದ್ಯ ಜಾನ್ ಬೌಲ್ಬಿ (1907–1990) ಮಗು ಮತ್ತು ಅದನ್ನು ಸಾಕುವವರ ನಡುವಿನ ನಂಟನ್ನು ಜೀವನವಿಡೀ ಅಭ್ಯಾಸ ಮಾಡಿದರು. ಹೆದರಿದಾಗ ಮಗು ಯಾರ ಬಳಿ ಓಡುತ್ತದೆ, ಅವರು ಎತ್ತಿಕೊಳ್ಳುತ್ತಾರೋ ತಳ್ಳುತ್ತಾರೋ ಎಂಬುದರ ಮೇಲೆ ಆ ಮಗುವಿನ ನಂಬಿಕೆ ರೂಪುಗೊಳ್ಳುತ್ತದೆ ಎಂಬುದು ಅವರ ವಾದ. 1987ರಲ್ಲಿ ಅಮೆರಿಕದ ಸಿಂಡಿ ಹೇಝನ್ ಮತ್ತು ಫಿಲಿಪ್ ಶೇವರ್ ಇದೇ ವಿಚಾರವನ್ನು ದೊಡ್ಡವರ ಪ್ರೀತಿಗೆ ಅನ್ವಯಿಸಿ ನೋಡಿದರು. ಪತ್ರಿಕೆಯೊಂದರಲ್ಲಿ ಪ್ರಶ್ನೆಗಳನ್ನು ಅಚ್ಚುಹಾಕಿಸಿ ಓದುಗರಿಂದ 600ಕ್ಕೂ ಹೆಚ್ಚು ಉತ್ತರಗಳನ್ನು ಪಡೆದರು. ಅವರಲ್ಲಿ ಶೇಕಡ 56 ಮಂದಿ ತಾವು ಇನ್ನೊಬ್ಬರನ್ನು ಸಲೀಸಾಗಿ ನಂಬುವವರು ಎಂದರು. ಶೇಕಡ 25 ಮಂದಿ ಯಾರಾದರೂ ತೀರಾ ಹತ್ತಿರ ಬಂದರೆ ಇರುಸುಮುರುಸಾಗುತ್ತದೆ ಎಂದರು. ಶೇಕಡ 19 ಮಂದಿ ‘ನನ್ನನ್ನು ಬಿಟ್ಟುಹೋದಾರು’ ಎಂಬ ಆತಂಕದವರು.

ಈ ಅಂಕಿಗಳು ಅಮೆರಿಕದ ಒಂದು ಪತ್ರಿಕೆಯ ಓದುಗರವು. ಕೋಲಾರಕ್ಕೆ ಇವು ಹಾಗೆಯೇ ಹೊಂದುತ್ತವೆ ಎನ್ನಲಾಗದು. ಆದರೆ ಗುಣವನ್ನು ನೀವು ನಿಮ್ಮ ಸುತ್ತಲೂ ಕಾಣಬಹುದು. ಇನ್ನೂ ಮುಖ್ಯವಾದ ಮಾತೆಂದರೆ ಇದು ಹಣೆಬರಹವಲ್ಲ. ಬಾಲ್ಯದಲ್ಲಿ ಬೆಳೆದ ಅಂಜಿಕೆ ನಂಬಿಕಸ್ಥ ಗೆಳೆಯರಿಂದ, ಒಳ್ಳೆಯ ದಾಂಪತ್ಯದಿಂದ, ಬೇಕಾದರೆ ಆಪ್ತಸಮಾಲೋಚಕರ ಸಹಾಯದಿಂದ ಸಡಿಲವಾಗಬಲ್ಲದು.

ಖಾಲಿಯಾದ ಮನೆ

ಈಗ ಹುತ್ತೂರಿನ ಕಾಗದಕ್ಕೆ ಬರೋಣ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ ಕರೆದುಕೊಂಡು ಹೋಗುತ್ತಾರೆ. ಹೆರಿಗೆಯಾಗಿ ಮೂರು ತಿಂಗಳೋ ಐದು ತಿಂಗಳೋ ಬಾಣಂತನ ಮುಗಿದ ಮೇಲೆ ತಾಯಿ ಮಗು ಗಂಡನ ಮನೆಗೆ ಬರುತ್ತಾರೆ. ಇದು ಒಳ್ಳೆಯ ಪದ್ಧತಿ. ದಣಿದ ಹೆಣ್ಣಿಗೆ ವಿಶ್ರಾಂತಿ, ಅಮ್ಮನ ಕೈಯ ಊಟ, ಅತ್ತೆಮನೆಯ ಕೆಲಸದಿಂದ ಬಿಡುವು ಎಲ್ಲ ಸಿಗುತ್ತವೆ.

ಆದರೆ ಈ ಪದ್ಧತಿಯಲ್ಲಿ ಗಂಡನಿಗೆ ಏನು ಕೆಲಸ ಎಂದು ಯೋಚಿಸಿದ್ದೀರಾ? ಸೀಮಂತದಲ್ಲಿ ಒಂದು ಗಳಿಗೆ ಕೂರುವುದು. ಆಸ್ಪತ್ರೆಯ ಖರ್ಚಿಗೆ ಹಣ ಹೊಂದಿಸುವುದು. ನಾಮಕರಣಕ್ಕೆ ಹೋಗುವುದು. ಅಪ್ಪನಾಗುವುದನ್ನು ಕಲಿಯಬೇಕಾದ ಆರೇಳು ತಿಂಗಳು ಅವನು ಖಾಲಿ ಮನೆಯಲ್ಲಿರುತ್ತಾನೆ. ಕೆಲಸ ಮುಗಿಸಿ ಬಂದು ತಟ್ಟೆ ತೊಳೆದಿಟ್ಟು ಮಲಗಿದರೆ ಕೈಯಲ್ಲಿ ಫೋನು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ಸುತ್ತಲಿನ ಹಳ್ಳಿಗಳ ಹುಡುಗರೂ ಹುಡುಗಿಯರೂ ಒಂದೇ ಬಸ್ಸಿನಲ್ಲಿ, ಒಂದೇ ಪಾಳಿಯಲ್ಲಿ ದುಡಿಯುತ್ತಿದ್ದಾರೆ. ಅದು ಸಂತೋಷದ ವಿಷಯ. ಹೆಣ್ಣುಮಕ್ಕಳು ಕೆಲಸಕ್ಕೆ ಬಂದದ್ದರಿಂದಲೇ ಸಂಸಾರಗಳು ಕೆಡುತ್ತಿವೆ ಎಂದು ಗೊಣಗುವವರ ಮಾತನ್ನು ನಂಬಬೇಡಿ. ಊರಿಂದ ಊರಿಗೆ ಹೋಗಲು ಎತ್ತಿನ ಗಾಡಿ ಇದ್ದ ಕಾಲದಲ್ಲೂ ಸಂಸಾರಗಳು ಕೆಟ್ಟಿವೆ.

ದ್ರೋಹ ಸಾಮಾನ್ಯವಾಗಿ ದ್ರೋಹದ ರೂಪದಲ್ಲಿ ಬರುವುದಿಲ್ಲ. ಮೊದಲು ‘ಊಟ ಆಯ್ತಾ’ ಎಂಬ ಮಾತು. ಆಮೇಲೆ ಹೆಂಡತಿಗೆ ಹೇಳಬೇಕಾದ ಕಷ್ಟಸುಖವನ್ನು ಇನ್ನೊಬ್ಬರಿಗೆ ಹೇಳುವುದು. ಆಮೇಲೆ ಆ ಮಾತನ್ನು ಅಳಿಸಿಹಾಕುವುದು. ಹಾಗೆ ಅಳಿಸುವಾಗ ನಿಮ್ಮ ಬೆರಳಿಗೆ ಗೊತ್ತಿರುತ್ತದೆ, ಗಡಿ ದಾಟಿದೆ ಎಂದು. ಹೊಸಬರ ಬಳಿ ಮಾತು ಹಗುರವಾಗಿರುವುದಕ್ಕೆ ಕಾರಣವೂ ಸರಳ. ಅಲ್ಲಿ ಆಸ್ಪತ್ರೆಯ ಚೀಟಿ ಇಲ್ಲ, ಸಾಲವಿಲ್ಲ, ಬರುವ ಮಗುವಿಲ್ಲ. ಆ ಯುವಕ ಬಸ್ಸಿನ ಗೆಳತಿಗೆ ಮದುವೆಯ ವಿಷಯ ಹೇಳಿದ್ದಾನೆ, ಮಗುವಿನ ವಿಷಯ ಹೇಳಿಲ್ಲ. ಯಾಕೆಂದು ನೀವೇ ಊಹಿಸಬಹುದು. ಮಗುವಿನ ಹೆಸರೆತ್ತಿದರೆ ತಾನು ಯಾವುದರಿಂದ ಓಡಿಬಂದನೋ ಅದೇ ಅಲ್ಲಿಗೂ ಬಂದು ಕೂರುತ್ತದೆ.

ಇಲ್ಲಿ ಮೋಸಹೋಗುತ್ತಿರುವವರು ಇಬ್ಬರು ಹೆಣ್ಣುಮಕ್ಕಳು ಎಂಬುದನ್ನೂ ಗಮನಿಸಿ. ಹಾಗೆಂದು ತಪ್ಪು ಯಾವಾಗಲೂ ಗಂಡಸಿನದೇ ಎಂದಲ್ಲ. ಒಲ್ಲದ ಮದುವೆಗೆ ಕೊರಳು ಕೊಟ್ಟು, ಒಳಗೊಳಗೇ ಬೇಯುತ್ತ ಬೇರೆ ಕಡೆ ಮನಸ್ಸು ಕೊಟ್ಟ ಹೆಣ್ಣುಮಕ್ಕಳ ಕಾಗದಗಳೂ ನಮಗೆ ಬರುತ್ತವೆ.

ಆವಣಿ ಬೆಟ್ಟದ ನೆನಪು

ಕೋಲಾರ ಜಿಲ್ಲೆಯವರಿಗೆ ಮುಳಬಾಗಿಲು ತಾಲ್ಲೂಕಿನ ಆವಣಿ ಗೊತ್ತೇ ಇರುತ್ತದೆ. ಶಾಲೆಯ ಪ್ರವಾಸಕ್ಕೆ ಹೋಗಿರುತ್ತೀರಿ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ, ಮೇಲೆ ಬೆಟ್ಟದಲ್ಲಿ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂಬುದು ಇಲ್ಲಿನ ಜನರ ನಂಬಿಕೆ.

ಉತ್ತರಕಾಂಡದ ಆ ಕಥೆಯಲ್ಲಿ ತುಂಬು ಬಸುರಿ ಕಾಡಿಗೆ ಬರುತ್ತಾಳೆ. ಅವಳು ಮಾಡಿದ ತಪ್ಪು ಯಾವುದೂ ಇಲ್ಲ. ಊರಿನ ಜನ ಆಡಿಕೊಂಡರು ಎಂಬುದೇ ಕಾರಣ. ರಾಜಧರ್ಮದ ದೊಡ್ಡ ವಾದಕ್ಕೆ ನಾವಿಲ್ಲಿ ಹೋಗುವುದು ಬೇಡ. ಆದರೆ ಜನ ಬೆಟ್ಟ ಹತ್ತಿ ಕೈಮುಗಿಯುವುದು ಯಾರಿಗೆ ಎಂಬುದನ್ನು ನೋಡಿ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಣ್ಣುಮಕ್ಕಳು ಒಂಟಿಯಾಗಿ ಮಕ್ಕಳನ್ನು ಹೆತ್ತು ಬೆಳೆಸಿದ ತಾಯಿಯ ಬಳಿಗೆ ಬರುತ್ತಾರೆ.

ಶಕುಂತಲೆಯ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ನೀವು ಪಾಠದಲ್ಲಿ ಓದಿದ ಶಕುಂತಲೆ ಕಾಳಿದಾಸನವಳು. ಅಲ್ಲಿ ದೂರ್ವಾಸರ ಶಾಪವಿದೆ, ಕಳೆದುಹೋದ ಉಂಗುರವಿದೆ. ದುಷ್ಯಂತ ಬಸುರಿಯಾದ ಶಕುಂತಲೆಯನ್ನು ನಿಜವಾಗಿಯೂ ಮರೆತಿರುತ್ತಾನೆ. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ಅವಳು ಮಗನನ್ನೇ ಕರೆದುಕೊಂಡು ಬರುತ್ತಾಳೆ. ದುಷ್ಯಂತನಿಗೆ ಎಲ್ಲ ನೆನಪಿರುತ್ತದೆ. ನೆನಪಿದ್ದೂ ‘ನೀನು ಯಾರೋ ನನಗೆ ಗೊತ್ತಿಲ್ಲ’ ಎನ್ನುತ್ತಾನೆ. ಅಶರೀರವಾಣಿ ಆದ ಮೇಲೆ, ಜನ ಏನೆಂದಾರೋ ಎಂದು ಹಾಗೆ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಕಾಳಿದಾಸ ತನ್ನ ನಾಯಕನನ್ನು ಈ ಕಳಂಕದಿಂದ ಪಾರುಮಾಡಲೆಂದೇ ಶಾಪವನ್ನು ತಂದನೆಂದು ವಿದ್ವಾಂಸರು ಹೇಳುವುದುಂಟು. ಇಂದಿನ ದುಷ್ಯಂತರಿಗೆ ಶಾಪದ ನೆಪವಿಲ್ಲ. ಪ್ರೀತಿಸಿದವಳು ಬಸುರಿಯೆಂದು ತಿಳಿದೊಡನೆ ಫೋನಿನ ಸಂಖ್ಯೆ ಬದಲಿಸುವವರಿಗೆ ಎಲ್ಲ ನೆನಪಿರುತ್ತದೆ.

ಇನ್ನೊಂದು ಕಡೆಯ ಚಿತ್ರವೂ ನಮ್ಮಲ್ಲಿದೆ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ವೆಂಕಟಿಗನ ಹೆಂಡತಿ’ ಎಂಬ ಕಥೆ ಬರೆದರು. ಬಿಟ್ಟುಹೋಗಿ ಹಿಂದಿರುಗಿದ ಹೆಂಡತಿಯನ್ನು ಸ್ವೀಕರಿಸುವ ಸಾಮಾನ್ಯ ಮನುಷ್ಯನೊಬ್ಬನ ಕಥೆ ಅದು. ಗ್ರಂಥಾಲಯದಲ್ಲಿ ಹುಡುಕಿ ಓದಿ. ಕ್ಷಮೆ ಎಂಬುದು ದೊಡ್ಡವರ ಸೊತ್ತಲ್ಲ ಎಂದು ತಿಳಿಯುತ್ತದೆ. ಆದರೆ ಕ್ಷಮಿಸುವುದು ನೊಂದವರ ಇಷ್ಟ. ನೋಯಿಸಿದವರು ಅದನ್ನು ಹಕ್ಕಿನಂತೆ ಕೇಳುವ ಹಾಗಿಲ್ಲ.

ವಿಜ್ಞಾನ ಏನು ಹೇಳುತ್ತದೆ?

‘ನಿಷ್ಠೆ ಎಂಬುದು ಪ್ರಕೃತಿಯಲ್ಲೇ ಇಲ್ಲ ಸಾರ್’ ಎಂದು ವಾದ ಮಾಡುವವರು ನಿಮ್ಮ ಹಾಸ್ಟೆಲಿನಲ್ಲೂ ಇರಬಹುದು. ಸ್ವಲ್ಪ ಪರಿಶೀಲಿಸೋಣ.

ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳಿವೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು ಬಾಗಿಲನ್ನು ಮೆತ್ತಿಕೊಂಡುಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ಅತ್ತಿ, ಆಲದ ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಗಂಡು ಬರದೆ ಹೋದರೆ ಒಳಗಿನ ಜೀವಗಳಿಗೆ ಕುತ್ತು. ನಮೀಬಿಯಾದ ಮಾಂಟೆರೋ ಎಂಬ ಜಾತಿಯ ಮಂಗಟ್ಟೆಗಳ ಮರಿಗಳನ್ನು ಡಿಎನ್‌ಎ ಮೂಲಕ ಪರೀಕ್ಷಿಸಿದಾಗ (2002ರಲ್ಲಿ ಈ ಅಧ್ಯಯನ ಪ್ರಕಟವಾಯಿತು) ಎಲ್ಲವೂ ಆ ಜೋಡಿಯವೇ ಆಗಿದ್ದವು. ಆದರೆ ಜೋಡಿಯಾಗಿ ಬಾಳುವ ಎಷ್ಟೋ ಬೇರೆ ಹಕ್ಕಿಗಳ ಗೂಡುಗಳಲ್ಲಿ ಹೊರಗಿನ ಗಂಡಿನ ಮರಿಗಳೂ ಸಿಕ್ಕಿವೆ. ಅಂದರೆ ಪ್ರಕೃತಿಯಲ್ಲಿ ಎರಡೂ ಇವೆ. ತನಗೆ ಬೇಕಾದ ಹಕ್ಕಿಯನ್ನು ಉದಾಹರಣೆಗೆ ಆರಿಸಿಕೊಂಡು ವಾದಿಸುವುದು ವಿಜ್ಞಾನವಲ್ಲ.

ಅಮೆರಿಕದ ಹುಲ್ಲುಗಾವಲಿನಲ್ಲಿ ಪ್ರೈರಿ ವೋಲ್ ಎಂಬ ಇಲಿಯಂಥ ಪ್ರಾಣಿಯಿದೆ. ಗಂಡು ಹೆಣ್ಣು ಒಮ್ಮೆ ಜೋಡಿಯಾದರೆ ಒಟ್ಟಿಗೆ ಗೂಡು ಕಟ್ಟಿ ಮರಿ ಸಾಕುತ್ತವೆ. ಅದರ ಹತ್ತಿರದ ಸಂಬಂಧಿಯಾದ ಬೆಟ್ಟದ ವೋಲ್ ಹಾಗಲ್ಲ. 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಇವುಗಳ ಮಿದುಳನ್ನು ಹೋಲಿಸಿ, ಆಕ್ಸಿಟೋಸಿನ್ ಮತ್ತು ವಾಸೊಪ್ರೆಸಿನ್ ಎಂಬ ಹಾರ್ಮೋನುಗಳನ್ನು ಗ್ರಹಿಸುವ ತಾಣಗಳು ಬೇರೆಬೇರೆ ಕಡೆ ಹಂಚಿಕೊಂಡಿವೆ ಎಂದು ಕಂಡರು. ‘ಪ್ರೀತಿಯ ಹಾರ್ಮೋನು ಸಿಕ್ಕಿತು’ ಎಂದು ಪತ್ರಿಕೆಗಳು ಬರೆದವು. ಆದರೆ 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕ್ಸಿಟೋಸಿನ್ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಪ್ರೈರಿ ವೋಲ್‌ಗಳೂ ಜೋಡಿ ಕಟ್ಟಿದವು. ಒಂದು ಸಣ್ಣ ಪ್ರಾಣಿಯ ನಂಟನ್ನೇ ಒಂದು ರಸದಿಂದ ವಿವರಿಸಲಾಗದು ಎಂದ ಮೇಲೆ ಮನುಷ್ಯನ ಮಾತೇನು? ‘ನನ್ನ ಹಾರ್ಮೋನೇ ಹಾಗೆ’ ಎಂಬ ನೆಪಕ್ಕೆ ಪ್ರಯೋಗಾಲಯದ ಬೆಂಬಲವಿಲ್ಲ.

ಮನುಷ್ಯರ ಬಗ್ಗೆಯೇ ಒಂದು ಅಧ್ಯಯನವಿದೆ. ಫಿಲಿಪ್ಪೀನ್ಸಿನ ಸೆಬು ಎಂಬಲ್ಲಿ 624 ಯುವಕರ ಟೆಸ್ಟೊಸ್ಟೆರಾನ್ ಪ್ರಮಾಣವನ್ನು 2005ರಲ್ಲಿ ಅಳೆದು, ನಾಲ್ಕೂವರೆ ವರ್ಷದ ನಂತರ ಮತ್ತೆ ಅಳೆದರು. ಈ ನಡುವೆ ಸಂಸಾರಸ್ಥರಾಗಿ ತಂದೆಯಾದವರಲ್ಲಿ ಅದು ಉಳಿದವರಿಗಿಂತ ಹೆಚ್ಚು ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುವ ತಂದೆಯರಲ್ಲಿ ಅದರ ಪ್ರಮಾಣ ಇನ್ನೂ ಕಡಿಮೆ. 2011ರಲ್ಲಿ ಪ್ರಕಟವಾದ ಈ ಅಧ್ಯಯನ ನಮಗೆ ಹೇಳುವುದು ಇಷ್ಟು: ತಂದೆತನಕ್ಕೆ ಗಂಡಸಿನ ದೇಹವೂ ಸ್ಪಂದಿಸುತ್ತದೆ. ಮಗುವನ್ನು ಎತ್ತುವುದು, ತೊಳೆಯುವುದು, ಮಲಗಿಸುವುದು ಹೆಂಗಸರಿಗೆ ಮಾತ್ರ ದೇವರು ಕೊಟ್ಟ ವಿದ್ಯೆಯಲ್ಲ. ಭಯ ಹೋದ ಮೇಲೆ ಎತ್ತಿಕೊಳ್ಳುತ್ತೇನೆ ಎಂದು ಕಾಯುವವನ ಭಯ ಹೋಗುವುದು ತಡ. ಎತ್ತಿಕೊಂಡವನಿಗೆ ಕೈ ಪಳಗುತ್ತದೆ.

ಕಾನೂನಿನ ನಾಲ್ಕು ಮಾತು

ವ್ಯಭಿಚಾರ ಈಗ ಅಪರಾಧವೇ ಎಂದು ನಮ್ಮ ಕಾರ್ಯಕ್ರಮಕ್ಕೆ ಹಲವರು ಫೋನು ಮಾಡಿ ಕೇಳುತ್ತಾರೆ. 1860ರ ಭಾರತೀಯ ದಂಡ ಸಂಹಿತೆಯ 497ನೇ ಕಲಂ ಪ್ರಕಾರ ಇನ್ನೊಬ್ಬನ ಹೆಂಡತಿಯೊಡನೆ, ಆ ಗಂಡನ ಒಪ್ಪಿಗೆಯಿಲ್ಲದೆ ಸಂಬಂಧ ಬೆಳೆಸಿದ ಪುರುಷನಿಗೆ 5 ವರ್ಷಗಳವರೆಗೆ ಸೆರೆವಾಸವಿತ್ತು. ‘ಗಂಡನ ಒಪ್ಪಿಗೆಯಿಲ್ಲದೆ’ ಎಂಬ ಮಾತನ್ನು ಗಮನಿಸಿ. ಹೆಂಡತಿಯನ್ನು ಗಂಡನ ಸೊತ್ತು ಎಂದು ನೋಡಿದ ಕಾನೂನು ಅದು. 2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಪಡಿಸಿತು. ಹಾಗೆಂದು ದಾಂಪತ್ಯ ದ್ರೋಹಕ್ಕೆ ಪರಿಣಾಮವೇ ಇಲ್ಲವೆಂದಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ಇಂದಿಗೂ ವಿಚ್ಛೇದನಕ್ಕೆ ಕಾರಣ.

ಹೆಂಡತಿ ಮಕ್ಕಳನ್ನು ನೋಡಿಕೊಳ್ಳದೆ ಬಿಟ್ಟವನಿಂದ ಜೀವನಾಂಶ ಕೇಳುವ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಮಗು ಮದುವೆಯೊಳಗೆ ಹುಟ್ಟಿದ್ದೋ ಹೊರಗೆ ಹುಟ್ಟಿದ್ದೋ ಎಂಬ ಭೇದ ಇಲ್ಲಿಲ್ಲ. ಮಗುವಿನ ಹೊಟ್ಟೆಗೆ ತಂದೆ ಹೊಣೆ. ಮದುವೆಯಾಗುವ ಉದ್ದೇಶವೇ ಇಲ್ಲದೆ ಮಾತುಕೊಟ್ಟು ದೈಹಿಕ ಸಂಬಂಧ ಬೆಳೆಸುವುದು ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಂತೆ 10 ವರ್ಷಗಳವರೆಗೆ ಶಿಕ್ಷೆ ಆಗಬಹುದಾದ ಅಪರಾಧ. ಹದಿನೆಂಟು ತುಂಬದವರ ವಿಷಯದಲ್ಲಿ ‘ಅವರೂ ಒಪ್ಪಿದ್ದರು’ ಎಂಬ ಮಾತು ನಡೆಯುವುದಿಲ್ಲ. ಅಲ್ಲಿ 2012ರ ಪೋಕ್ಸೊ ಕಾಯ್ದೆ ಬರುತ್ತದೆ.

ಓಡಿಹೋಗಲು ಹೊರಟವನ ಇನ್ನೊಂದು ಆಯುಧ ಅನುಮಾನ. ‘ಈ ಮಗು ನನ್ನದೇ ಎಂದು ಏನು ಗ್ಯಾರಂಟಿ? ಡಿಎನ್‌ಎ ಮಾಡಿಸಿ’ ಎನ್ನುವುದು ಈಗ ಸಲೀಸಾಗಿದೆ. ಡಿಎನ್‌ಎ ಬೆರಳಚ್ಚು ಪದ್ಧತಿಯನ್ನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಕಂಡುಹಿಡಿದದ್ದು 1984ರಲ್ಲಿ. ನಮ್ಮ ಸಾಕ್ಷ್ಯ ಕಾನೂನು ಅದಕ್ಕಿಂತ ಬಹಳ ಹಳೆಯದು. ಮದುವೆ ಊರ್ಜಿತವಿರುವಾಗ ಹುಟ್ಟಿದ ಮಗು ಆ ದಂಪತಿಗಳದೇ ಎಂದು ಅದು ಭಾವಿಸುತ್ತದೆ. 1872ರ ಅಧಿನಿಯಮದ 112ನೇ ಕಲಂ ಹೇಳಿದ್ದನ್ನೇ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಹೇಳುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಮಗುವನ್ನು ವಾಡಿಕೆಯಂತೆ ಡಿಎನ್‌ಎ ಪರೀಕ್ಷೆಗೆ ಒಡ್ಡಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಹೇಳಿತು. ಆ ಜಗಳದಲ್ಲಿ ಮಗು ಯಾರ ಪರವೂ ಅಲ್ಲ, ಮಗುವಿಗೆ ಅದರದೇ ಮಾನವಿದೆ ಎಂಬುದು ಇದರ ಅರ್ಥ.

ಹಾಗಾದರೆ ಏನು ಮಾಡಬಹುದು?

ನಾಳೆ ನಿಮ್ಮ ಬಾಳಿನಲ್ಲೂ ಈ ದಿನ ಬರಬಹುದು. ಆಗ ನೆನಪಿಗೆ ಬರಲೆಂದು ಕೆಲವು ಮಾತು ಹೇಳುತ್ತೇನೆ.

ಮದುವೆಗೆ ಮುಂಚೆಯೇ ಮಕ್ಕಳ ಬಗ್ಗೆ ಮಾತಾಡಿ. ಬೇಕೇ, ಯಾವಾಗ, ಕೆಲಸ ಯಾರು ಬಿಡುವುದು, ಬಿಡಲೇಬೇಕೇ ಎಂಬುದನ್ನು ಚರ್ಚಿಸಿ. ಜಾತಕ, ಒಡವೆ, ಛತ್ರ ಎಲ್ಲವನ್ನೂ ಮಾತಾಡುವ ನಾವು ಇದೊಂದನ್ನು ಮಾತಾಡುವುದಿಲ್ಲ. ಮನಸ್ಸು ಒಪ್ಪದಿದ್ದರೆ ಮದುವೆಗೆ ಮುಂಚೆ ‘ಬೇಡ’ ಎನ್ನುವುದು ಅವಮಾನವಲ್ಲ. ಆಮೇಲೆ ಮೌನವಾಗಿ ತಪ್ಪಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಬಸಿರಿನ ಸುದ್ದಿ ಬಂದ ಮೇಲೆ ಗಂಡನಾದವನು ಒಮ್ಮೆಯಾದರೂ ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. ತಾಯಿ ಕಾರ್ಡಿನಲ್ಲಿ ಏನು ಬರೆದಿದೆ ಎಂದು ಓದಬೇಕು. ತವರು ದೂರವಿದ್ದರೆ ದಿನಕ್ಕೊಂದು ಫೋನು, ವಾರಕ್ಕೋ ಹದಿನೈದು ದಿನಕ್ಕೋ ಒಂದು ಭೇಟಿ. ಅಲ್ಲಿ ಹೋಗಿ ಅಳಿಯನೆಂದು ಕಾಲು ಚಾಚಿ ಕೂರದೆ ಮಗುವಿನ ಬಟ್ಟೆ ಒಗೆದರೆ ಯಾವ ಗೌರವವೂ ಕಡಿಮೆಯಾಗುವುದಿಲ್ಲ. ಕಾನೂನು ಇನ್ನೂ ಈ ವಿಷಯದಲ್ಲಿ ಹಿಂದಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ತಾಯಿಗೆ 26 ವಾರಗಳ ವೇತನ ಸಹಿತ ರಜೆ ಬಂತು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ ರಜೆಯಿದೆ. ಕಾರ್ಖಾನೆಯಲ್ಲಿ ದುಡಿಯುವ ತಂದೆಗೆ ಸಿಗುವುದು ಮಾಲೀಕರ ಮನಸ್ಸಿನಷ್ಟು.

ಭಯ ಮಿತಿಮೀರಿ ನಿದ್ರೆ ಊಟ ಬಿಟ್ಟುಹೋದರೆ, ಹೆರಿಗೆಯ ಮೊದಲು ಅಥವಾ ನಂತರ ತಾಯಿ ಸದಾ ಅಳುತ್ತಿದ್ದರೆ, ಅದನ್ನು ‘ಕೊಬ್ಬು’ ಎಂದೋ ‘ಗಾಳಿ’ ಎಂದೋ ತಳ್ಳಿಹಾಕಬೇಡಿ. ಅದು ಚಿಕಿತ್ಸೆಯಿರುವ ಕಾಯಿಲೆಯಾಗಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಾರ್ಡು 2009ರಿಂದ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾರು ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಗಂಡಸರೂ ಸಹ. ತೊಂದರೆಗೆ ಸಿಕ್ಕಿದ ಹೆಣ್ಣುಮಕ್ಕಳಿಗೆ 181, ಉಚಿತ ಕಾನೂನು ಸಲಹೆಗೆ 15100.

ಇನ್ನು ತಪ್ಪು ಆಗಿಯೇಹೋಗಿದ್ದರೆ? ನಮ್ಮ ಕಾರ್ಯಕ್ರಮದಲ್ಲಿ ತಜ್ಞರು ಕೊಟ್ಟ ಸಲಹೆ ಇದು: ಮೊದಲು ನಿಲ್ಲಿಸಿ, ಆಮೇಲೆ ಹೇಳಿ. ಹೇಳುವಾಗ ‘ನೀನು ಊರಲ್ಲಿರಲಿಲ್ಲ, ಅದಕ್ಕೆ’ ಎಂದು ಹೊರೆಯನ್ನು ಅವಳ ಮೇಲೆ ಹಾಕಬೇಡಿ. ಹೇಳಿದೊಡನೆ ಎಲ್ಲ ಸರಿಹೋಗುತ್ತದೆ ಎಂದು ಎಣಿಸಬೇಡಿ. ಒಡೆದ ನಂಬಿಕೆ ಕೂಡಿಕೊಳ್ಳಲು ಮುರಿದ ಮೂಳೆಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಕೆಲವೊಮ್ಮೆ ಕೂಡಿಕೊಳ್ಳುವುದೇ ಇಲ್ಲ. ಆಗಲೂ ತಂದೆಯ ಹೊಣೆ ಉಳಿದೇ ಇರುತ್ತದೆ. ಗಂಡನ ಸ್ಥಾನ ಕಳೆದುಕೊಂಡವನು ಅಪ್ಪನ ಸ್ಥಾನವನ್ನೂ ಬಿಟ್ಟುಕೊಡಬೇಕಾಗಿಲ್ಲ.

ಆ ಸಂಚಿಕೆ ಪ್ರಸಾರವಾಗಿ ಮೂರು ತಿಂಗಳಾದ ಮೇಲೆ ಒಂದು ಅಂಚೆ ಕಾರ್ಡು ಬಂತು. ಅದೇ ನೀಲಿ ಶಾಯಿ, ಅದೇ ದುಂಡು ಅಕ್ಷರ. ‘ಹೆಣ್ಣು ಮಗು ಸಾರ್. ತಾಯಿ ಮಗು ಚೆನ್ನಾಗಿದ್ದಾರೆ. ಬಸ್ಸಿನವರಿಗೂ ಹೇಳಿದೆ, ಇವಳಿಗೂ ಹೇಳಿದೆ. ಇವಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಪ್ರತಿ ಭಾನುವಾರ ಹೋಗುತ್ತೇನೆ. ಮಗುವಿಗೆ ಸ್ನಾನ ಮಾಡಿಸಲು ನಮ್ಮ ಅತ್ತೆ ಹೇಳಿಕೊಟ್ಟಿದ್ದಾರೆ.’

ಇಷ್ಟೇ ಇತ್ತು. ಅವರ ಸಂಸಾರ ಮುಂದೆ ಹೇಗೆ ಸಾಗಿತೆಂದು ನನಗೆ ತಿಳಿಯದು. ಪ್ರತಿ ಭಾನುವಾರ ಬಸ್ಸು ಹತ್ತುವ ಆ ಅಪ್ಪ ಮಾತ್ರ ಆಗಾಗ ನೆನಪಾಗುತ್ತಾನೆ.

ತರಗತಿಯಲ್ಲಿ ಚರ್ಚಿಸಿ

1. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವ ಪದ್ಧತಿಯನ್ನು ಉಳಿಸಿಕೊಂಡೇ ತಂದೆಗೆ ಅದರಲ್ಲಿ ಯಾವ ಕೆಲಸ ಕೊಡಬಹುದು?

2. ಮಹಾಭಾರತದ ದುಷ್ಯಂತ, ಕಾಳಿದಾಸನ ದುಷ್ಯಂತ ಇವರಿಬ್ಬರಲ್ಲಿ ಯಾರ ನಡತೆ ನಿಮಗೆ ಹೆಚ್ಚು ಪರಿಚಿತವೆನಿಸುತ್ತದೆ? ಏಕೆ?

3. ನಿಮ್ಮ ಅಪ್ಪನನ್ನು ಕೇಳಿ: ‘ನಾನು ಹುಟ್ಟುವ ಮುಂಚೆ ನಿಮಗೆ ಭಯವಾಗಿತ್ತೇ?’ ಅವರು ಕೊಟ್ಟ ಉತ್ತರವನ್ನು ತರಗತಿಯಲ್ಲಿ ಹೇಳಬೇಕಾಗಿಲ್ಲ. ಕೇಳಿದರೆ ಸಾಕು.